ಗಾಳಿಗೂ ಒಂದು ಜರಡಿ

1834ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸಂಸತ್ ಭವನ ಬೆಂಕಿಗೆ ಆಹುತಿಯಾಯಿತು. ಕಾಮನ್ಸ್ ಸಭೆಗಾಗಿ ಸಜ್ಜುಗೊಳಿಸಿದ ತಾತ್ಕಾಲಿಕ ಸಭಾಂಗಣಕ್ಕೆ ಒಳ್ಳೆಯ ಗಾಳಿ ಒದಗಿಸುವ ಹೊಣೆ ಡೇವಿಡ್ ಬಾಸ್‌ವೆಲ್ ರೀಡ್ ಎಂಬ ರಸಾಯನಶಾಸ್ತ್ರಜ್ಞನ ಹೆಗಲಿಗೇರಿತು. ಕಲ್ಲಿದ್ದಲ ಹೊಗೆಯಲ್ಲಿ ಮುಳುಗಿದ್ದ ಊರು ಅದು. ಕಿಟಕಿ ತೆರೆದರೆ ಮಸಿ, ಮುಚ್ಚಿದರೆ ಉಸಿರುಕಟ್ಟು. ಗಾಳಿ ಒಳಬರುವ ದಾರಿಗೆ ರೀಡ್ ಸುಮಾರು 40 ಅಡಿ ಉದ್ದದ ಬಟ್ಟೆಯ ಪರದೆಯನ್ನು ಅಡ್ಡ ಕಟ್ಟಿಸಿದ. ನಮ್ಮ ಮನೆಗಳಲ್ಲಿ ಕಾಫಿ ಸೋಸಲು ಬಟ್ಟೆ ಹಿಡಿಯುತ್ತೇವಲ್ಲ, ಉಪಾಯ ಅದೇ. ಮಾನ್ಯ ಸದಸ್ಯರು ಉಸಿರಾಡಬೇಕಿದ್ದ ಮಸಿಯೆಲ್ಲ ಪರದೆಗೆ ಅಂಟಿಕೊಂಡಿತು. (ಮುಂದೆ ಹೊಸ ಭವನ ಕಟ್ಟುವಾಗ ರೀಡ್‌ಗೂ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಗೂ ಜಗಳ ಹತ್ತಿ, ರೀಡ್ ಕೆಲಸ ಕಳೆದುಕೊಂಡ.)

ಆದರೆ ಈ ಜರಡಿ ಸಾಮಾನ್ಯರ ಮನೆಗೆ ಬಂದದ್ದು ಬೇರೆಯೇ ಕಾರಣಕ್ಕೆ. ಅಮೆರಿಕದ ಚಳಿಸೀಮೆಯ ಮನೆಗಳಲ್ಲಿ ನೆಲಮಾಳಿಗೆಯಲ್ಲೊಂದು ದೊಡ್ಡ ಕಲ್ಲಿದ್ದಲ ಒಲೆ ಇರುತ್ತಿತ್ತು. ಅದೇ ಫರ್ನೇಸ್. ಬಿಸಿಗಾಳಿ ತಾನಾಗಿ ಮೇಲೇರಿ ಕೋಣೆಗಳನ್ನು ಬೆಚ್ಚಗಿಡುತ್ತಿತ್ತು. ಹಾಗೆ ಮೆಲ್ಲಗೆ ಏರುವ ಗಾಳಿಗೆ ಬಟ್ಟೆ ಅಡ್ಡ ಹಿಡಿದರೆ ಅದು ನಿಂತೇಹೋಗುತ್ತಿತ್ತು. ಗಾಳಿಯನ್ನು ನೂಕುವ ವಿದ್ಯುತ್ ಫ್ಯಾನ್ ಬಂದ ಮೇಲೆಯೇ ಫಿಲ್ಟರ್ ಸಾಧ್ಯವಾಯಿತು, ಅಗತ್ಯವೂ ಆಯಿತು. ಫ್ಯಾನಿಗೆ, ಮೋಟಾರಿಗೆ ಧೂಳು ಮೆತ್ತಬಾರದಲ್ಲ! ಗಮನಿಸಬೇಕಾದ ಸಂಗತಿ ಇದು: ಮನೆಯ ಫಿಲ್ಟರ್ ಮೊದಲು ಕಾಪಾಡಹೊರಟದ್ದು ಯಂತ್ರವನ್ನು, ಮನೆಯವರ ಶ್ವಾಸಕೋಶವನ್ನಲ್ಲ.

1932ರಲ್ಲಿ ಒಹಾಯೊದ ಗಾಜಿನ ಕಂಪನಿಯೊಂದರಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೆಣಗುತ್ತಿದ್ದ. ಕರಗಿದ ಗಾಜಿಗೆ ರಭಸದ ಗಾಳಿ ತಗುಲಿ, ಅದು ನವಿರಾದ ಎಳೆಗಳಾಗಿ ಹಾರಿತು. ಅಗ್ಗವಾಗಿ ತಯಾರಿಸಬಹುದಾದ ಗಾಜಿನ ಹತ್ತಿ ಸಿಕ್ಕಿದ್ದು ಹೀಗೆ. ಅದರ ಮೊದಮೊದಲ ಬಳಕೆಗಳಲ್ಲೊಂದು ಫರ್ನೇಸ್ ಫಿಲ್ಟರ್. ರಟ್ಟಿನ ಚೌಕಟ್ಟಿನೊಳಗೆ ಗಾಜಿನ ಎಳೆ; ಕೊಳೆಯಾದರೆ ಎಸೆ, ಹೊಸದು ಹಾಕು. ಬಟ್ಟೆ ಒಗೆಯುವ ಕಾಟ ತಪ್ಪಿತು. ಆದರೆ ಅದು ಕೂದಲು, ನೂಲು, ದಪ್ಪ ಧೂಳನ್ನಷ್ಟೇ ಹಿಡಿಯುತ್ತಿತ್ತು. ಎದೆಯ ಆಳಕ್ಕಿಳಿಯುವ ಸಣ್ಣ ಕಣಗಳು ನಿರಾತಂಕವಾಗಿ ದಾಟಿಹೋಗುತ್ತಿದ್ದವು.

ಇಲ್ಲೊಂದು ವಿಚಿತ್ರವಿದೆ. ಧೂಳು ತುಂಬಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ, ಏಕೆಂದರೆ ಅಂಟಿದ ಧೂಳೇ ಇನ್ನೊಂದು ಜರಡಿಯಾಗುತ್ತದೆ. ಹಾಗಿದ್ದ ಮೇಲೆ ಬದಲಿಸುವುದೇಕೆ? ಗಾಳಿ ಸಾಗುವುದಿಲ್ಲ ಎಂಬುದೇ ಉತ್ತರ. ಗಾಳಿ ಸಾಲದೆ ಫರ್ನೇಸಿನ ಲೋಹ ಅತಿಯಾಗಿ ಕಾಯುತ್ತದೆ. ಮತ್ತೆ ಮತ್ತೆ ಹಾಗಾದರೆ ಬಿರುಕು ಬಿಡಬಹುದು. ಹವಾನಿಯಂತ್ರಕದಲ್ಲಿ ಇದಕ್ಕೆ ತದ್ವಿರುದ್ಧ: ತಣ್ಣನೆಯ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಕೊಳೆ ಫಿಲ್ಟರ್ ಬದಲಿಸಿದರೆ ಹವಾನಿಯಂತ್ರಕದ ವಿದ್ಯುತ್ ಬಳಕೆ ಶೇ 5ರಿಂದ 15ರಷ್ಟು ತಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆ ಅಂದಾಜಿಸಿದೆ. ನಮ್ಮ ಮನೆಗಳ ಗೋಡೆಗೆ ತೂಗುವ ಎ.ಸಿ.ಗಳಲ್ಲಿ ಸಾಮಾನ್ಯವಾಗಿ ಇರುವುದು ತೊಳೆಯಬಹುದಾದ ಪ್ಲಾಸ್ಟಿಕ್ ಬಲೆ. ನಲ್ಲಿ ಕೆಳಗೆ ಹಿಡಿದು ತೊಳೆದು ನೆರಳಲ್ಲಿ ಒಣಗಿಸುವುದು ಹತ್ತು ನಿಮಿಷದ ಕೈಕೆಲಸ. ಮೆಕ್ಯಾನಿಕ್ ಬರುವವರೆಗೂ ಅದನ್ನು ತೆರೆಯದವರೇ ಹೆಚ್ಚು!

ಸಣ್ಣ ಕಣಗಳನ್ನು ಹಿಡಿಯುವ ವಿದ್ಯೆ ಬೆಳೆದದ್ದು ಯುದ್ಧಕಾಲದಲ್ಲಿ. 1940ರ ದಶಕದಲ್ಲಿ ಅಣುಬಾಂಬ್ ತಯಾರಿಸುತ್ತಿದ್ದ ಮ್ಯಾನ್‌ಹಟನ್ ಯೋಜನೆಯಲ್ಲಿ ವಿಕಿರಣ ಸೂಸುವ ಧೂಳನ್ನು ತಡೆಯಲು ವಿಶೇಷ ಫಿಲ್ಟರ್ ಬೇಕಾಯಿತು. ಅದಕ್ಕೆ ಬುನಾದಿ, ವಿಷಾನಿಲದ ಮುಖವಾಡಗಳಲ್ಲಿ ಬಳಸುತ್ತಿದ್ದ ಕಾಗದ. ಇಂದು ಆಸ್ಪತ್ರೆಗಳಲ್ಲಿ ಕಾಣುವ ‘ಹೆಪಾ’ ಫಿಲ್ಟರ್ ಅದರ ವಂಶದ್ದೇ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಅದು ಹಿಡಿಯಬೇಕು.

ಮನೆಯ ಫಿಲ್ಟರ್‌ಗಳ ಯೋಗ್ಯತೆ ಅಳೆಯಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ‘ಮರ್ವ್’ ಎಂಬ ಅಂಕ ಪದ್ಧತಿ ತಂದದ್ದು 1999ರಷ್ಟು ತಡವಾಗಿ. ಹಳೆಯ ಗಾಜಿನೆಳೆಯ ಫಿಲ್ಟರ್‌ಗಳಿಗೆ ಅದರಲ್ಲಿ ಸಿಗುವುದು ತಳಮಟ್ಟದ ಅಂಕ.

ಕೋವಿಡ್ ಹರಡಿದ್ದ 2020ರಲ್ಲಿ ರಿಚರ್ಡ್ ಕೋರ್ಸಿ ಎಂಬ ಪ್ರಾಧ್ಯಾಪಕ ಮತ್ತು ಜಿಮ್ ರೋಸೆಂತಾಲ್ ಎಂಬ ಫಿಲ್ಟರ್ ತಯಾರಕ ಸೇರಿ ಒಂದು ಸರಳ ಸಾಧನ ರೂಪಿಸಿದರು. ಮರ್ವ್ 13ರ ನಾಲ್ಕು ಫರ್ನೇಸ್ ಫಿಲ್ಟರ್‌ಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿ, ತಳಕ್ಕೆ ರಟ್ಟು ಹಾಸಿ, ಮೇಲೊಂದು ಫ್ಯಾನ್ ಕೂರಿಸಿ, ಸಂದಿಗೆಲ್ಲ ಟೇಪ್ ಅಂಟಿಸಿದರಾಯಿತು. ಯಂತ್ರದ ಕಾವಲಿಗೆ ಹುಟ್ಟಿದ ಫಿಲ್ಟರ್‌ಗಳನ್ನು ಶಾಲಾಮಕ್ಕಳೇ ತರಗತಿಯಲ್ಲಿ ಜೋಡಿಸಿದರು. 2023ರ ಜೂನ್‌ನಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿದಾಗಲೂ ಈ ಪೆಟ್ಟಿಗೆಯ ಮಾತು ಮತ್ತೆ ಕೇಳಿಬಂತು. ಅಂಥ ಹೊಗೆಯಲ್ಲಿ ಅದರ ಬಿಳಿ ಫಿಲ್ಟರ್‌ಗಳೂ ಬೇಗ ಕಪ್ಪಾಗುತ್ತವೆ. ಆಗ ಟೇಪ್ ಬಿಚ್ಚಿ ಹೊಸದನ್ನು ಹಾಕಬೇಕು.