ನೆಲಮಾಳಿಗೆಯ ಒಂದು ಸಂಗೀತಶಾಲೆ: ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್

ಸಂಗೀತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿದ್ವಾಂಸರ ಹಾಗೂ ಅವರ ಕೃತಿಗಳ ಚರಿತ್ರೆಯನ್ನು ಬರೆಯುತ್ತಾರೆ. ಆ ಸಂಗೀತಕ್ಕೆ ಆಶ್ರಯವಿತ್ತ ಮನೆಯನ್ನು ಮರೆಯುತ್ತಾರೆ. ಅರಮನೆಯ ದರ್ಬಾರಿನಿಂದ ನಮ್ಮ ಸಂಗೀತವು ಟಿಕೆಟ್ಟು ಕೊಂಡು ಕೇಳುವ ಸಭೆಗಳಿಗೆ ಬಂದಾಗ ಕಚೇರಿಯ ಅವಧಿ, ಕ್ರಮ, ಅಭಿರುಚಿ ಎಲ್ಲವೂ ಮಾರ್ಪಟ್ಟುವೆಂಬುದನ್ನು ಮಾಟುಂಗದ ಸಭೆಗಳಲ್ಲಿ ಕುಳಿತು ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್ ಸಂಗೀತದ ವಿಷಯದಲ್ಲಿಯೂ ಇದು ನಿಜ. ಇದಕ್ಕೆ ನಿದರ್ಶನವಾಗಿ ನ್ಯೂಯಾರ್ಕ್ ನಗರದ ಒಂದು ನೆಲಮಾಳಿಗೆಯ ವೃತ್ತಾಂತವನ್ನು ಇಲ್ಲಿ ನಿರೂಪಿಸಬಯಸುತ್ತೇನೆ.

ಅದರ ಸ್ಥಾಪಕ ಮ್ಯಾಕ್ಸ್ ಗಾರ್ಡನ್ ಸಂಗೀತಗಾರನಲ್ಲ, ಧನಿಕನೂ ಅಲ್ಲ. 1903ರಲ್ಲಿ ಲಿಥುವೇನಿಯದ ಯಹೂದಿ ಮನೆತನವೊಂದರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕದ ಆರೆಗಾನ್ ಪ್ರಾಂತ್ಯಕ್ಕೆ ವಲಸೆ ಬಂದವನು. ಕಾನೂನು ಓದಲೆಂದು 1926ರಲ್ಲಿ ನ್ಯೂಯಾರ್ಕಿಗೆ ಬಂದು ಓದನ್ನು ಬಿಟ್ಟನು. ಕವಿಗಳಿಗೂ ಹರಟೆಗಾರರಿಗೂ ಒಂದು ತಾಣವಿರಲೆಂದು 1934ರಲ್ಲಿ ಗ್ರೀನಿಚ್ ವಿಲೇಜಿನ ಚಾರ್ಲ್ಸ್ ಬೀದಿಯಲ್ಲಿ 'ವಿಲೇಜ್ ವ್ಯಾನ್‌ಗಾರ್ಡ್' ತೆರೆದನು. ಮನರಂಜನೆಯ ಪರವಾನಗಿ ಆ ಜಾಗಕ್ಕೆ ದೊರೆಯದ ಕಾರಣ, 1935ರಲ್ಲಿ ಸೆವೆಂತ್ ಅವೆನ್ಯೂ ಸೌತ್ 178ನೆಯ ಸಂಖ್ಯೆಯ ಕಟ್ಟಡದ ನೆಲಮಾಳಿಗೆಗೆ ಸ್ಥಳಾಂತರಿಸಿದನು. ಪಾನನಿರೋಧದ ಕಾಲದಲ್ಲಿ ಅಲ್ಲಿ ಕಳ್ಳ ಮದ್ಯದಂಗಡಿಯೊಂದಿತ್ತು. ತ್ರಿಕೋಣಾಕಾರದ ಕೋಣೆ, ಕಿರಿದಾದ ಮೆಟ್ಟಿಲು, 123 ಮಂದಿಗೆ ಮಾತ್ರ ಸ್ಥಳ. ಅಂದಿನಿಂದ ಇಂದಿನವರೆಗೆ ವಿಳಾಸ ಬದಲಾಗಿಲ್ಲ.

ಮೊದಲ ಇಪ್ಪತ್ತು ವರ್ಷಗಳಲ್ಲಿ ಜಾಝ್ ಅಲ್ಲಿಯ ಮುಖ್ಯ ಬಾಬತ್ತಾಗಿರಲಿಲ್ಲ. ಕವಿತಾವಾಚನ, ಹಾಸ್ಯ, ಜಾನಪದ ಗೀತೆ ಇವುಗಳದೇ ಪ್ರಾಧಾನ್ಯ; ಲೆಡ್‌ಬೆಲ್ಲಿ, ಜಾಷ್ ವೈಟ್, ಪೀಟ್ ಸೀಗರ್ ಮೊದಲಾದವರು ಅಲ್ಲಿ ಹಾಡಿದರು. 1948ರಲ್ಲಿ ಲೊರೇನ್ ಎಂಬ ತರುಣಿಯ ಒತ್ತಾಯಕ್ಕೆ ಮಣಿದು ಗಾರ್ಡನ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನನ್ನು ಕರೆಸಿದಾಗ ಕೇಳಲು ಬಂದವರು ಬೆರಳೆಣಿಕೆಯಷ್ಟು. ಲೊರೇನ್ ಮುಂದೆ ಗಾರ್ಡನ್ನನ ಪತ್ನಿಯಾದರು.

ಮಂಕ್‌ನ ದುರ್ದೆಸೆ ಖಾಲಿ ಕುರ್ಚಿಗಳಿಗೇ ಮುಗಿಯಲಿಲ್ಲ. ಮದ್ಯ ಮಾರುವ ಸ್ಥಳದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನೂ ಪೋಲೀಸರಲ್ಲಿ ಬೆರಳಚ್ಚು ಕೊಟ್ಟು ಅನುಮತಿ ಚೀಟಿ ಪಡೆಯಬೇಕೆಂದು 1940ರಿಂದ ನ್ಯೂಯಾರ್ಕಿನಲ್ಲಿ ನಿಯಮವಿತ್ತು. 1951ರಲ್ಲಿ ಮಾದಕದ್ರವ್ಯದ ಪ್ರಕರಣವೊಂದರಲ್ಲಿ ಮಂಕ್ ಆ ಚೀಟಿಯನ್ನು ಕಳೆದುಕೊಂಡನು. 1957ರವರೆಗೆ ತನ್ನ ಊರಿನ ಕ್ಲಬ್ಬುಗಳಲ್ಲಿ ನುಡಿಸುವ ಹಕ್ಕೇ ಅವನಿಗಿರಲಿಲ್ಲ. ಗಾಯಕಿ ಬಿಲ್ಲಿ ಹಾಲಿಡೇಗೂ ಇದೇ ಗತಿ. ಈ ನಿಯಮ ರದ್ದಾದುದು 1967ರಲ್ಲಿ. ಕಲಾವಿದನ ಅನ್ನವು ಗುಮಾಸ್ತನ ಮೊಹರಿಗೆ ಅಧೀನವಾಗಿದ್ದ ಈ ಅಧ್ಯಾಯವನ್ನು ಜಾಝಿನ ಚರಿತ್ರೆಕಾರರು ಅಡಿಟಿಪ್ಪಣಿಯಲ್ಲಿ ಮುಗಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

1957ರ ಸುಮಾರಿಗೆ ಟೆಲಿವಿಷನ್ನು ಹಾಸ್ಯಗಾರರನ್ನೂ ಗಾಯಕರನ್ನೂ ಸೆಳೆದುಕೊಳ್ಳಲು, ಗಾರ್ಡನ್ ತನ್ನ ಕ್ಲಬ್ಬನ್ನು ಪೂರ್ಣವಾಗಿ ಜಾಝಿಗೆ ಮೀಸಲಿಟ್ಟನು. ಅದೇ ವರ್ಷದ ನವೆಂಬರ್ 3ರಂದು ಸ್ಯಾಕ್ಸೊಫೋನ್ ವಾದಕ ಸಾನ್ನಿ ರೋಲಿನ್ಸ್, ಪಿಯಾನೋ ಇಲ್ಲದೆ ಬಾಸ್ ಮತ್ತು ಡ್ರಮ್ ಮಾತ್ರ ಜೊತೆಗಿಟ್ಟುಕೊಂಡು ನುಡಿಸಿದ ಕಚೇರಿ ಅಲ್ಲಿಯೇ ಮುದ್ರಿತವಾಯಿತು. ಮುದ್ರಣದ ಈ ಪದ್ಧತಿ ಆ ಕೋಣೆಯ ಭವಿಷ್ಯವನ್ನು ನಿರ್ಧರಿಸಿತು. ಇಂದು ಅಲ್ಲಿ ಮುದ್ರಿತವಾದ ಧ್ವನಿಮುದ್ರಿಕೆಗಳು ನೂರನ್ನು ಮೀರಿವೆ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1961ರ ಜೂನ್ 25, ಭಾನುವಾರದ್ದು. ಪಿಯಾನೋದಲ್ಲಿ ಬಿಲ್ ಎವನ್ಸ್, ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್‌ನಲ್ಲಿ ಪಾಲ್ ಮೋಷಿಯನ್. ಮಧ್ಯಾಹ್ನ ಎರಡು ಸಲ, ರಾತ್ರಿ ಮೂರು ಸಲ ನುಡಿಸಿದರು. ಮೊದಲ ಕೃತಿಯ ಮಧ್ಯೆ ವಿದ್ಯುತ್ತು ಕೈಕೊಟ್ಟು ಮುದ್ರಣಕ್ಕೆ ತಡೆಯಾಯಿತು. ಬಾಸ್ ಎಂಬುದು ಅದುವರೆಗೆ ಬಹುಮಟ್ಟಿಗೆ ತಾಳಕ್ಕೆ ಆಧಾರವಾಗಿ ಹಿಂದೆ ನಿಲ್ಲುವ ವಾದ್ಯ. ಲಫಾರೊ ಅದನ್ನು ಪಿಯಾನೋದೊಡನೆ ಸಂವಾದಕ್ಕಿಳಿಸಿದನು. ಪಕ್ಕವಾದ್ಯವು ಪ್ರಧಾನವಾದ್ಯಕ್ಕೆ ಸಮನಾಗಿ ಮನೋಧರ್ಮವನ್ನು ಪ್ರಕಟಿಸಿದಾಗ ಆಗುವ ಸುಖವನ್ನು ನಮ್ಮ ಶ್ರೋತೃಗಳು ಬಲ್ಲರು. ಆ ಧ್ವನಿಮುದ್ರಿಕೆಯನ್ನು ಲಕ್ಷ್ಯವಿಟ್ಟು ಕೇಳಿದರೆ ಗಾಜಿನ ಲೋಟಗಳ ಕಿಣಿಕಿಣಿಯೂ, ಜನರ ಮಾತೂ, ನಗೆಯೂ ಕೇಳಿಬರುತ್ತವೆ. ಎದುರಿಗೇ ನಡೆಯುತ್ತಿದ್ದುದನ್ನು ಅವರಲ್ಲಿ ಕೆಲವರು ಕೇಳಲೇ ಇಲ್ಲ! ಹನ್ನೊಂದು ದಿನಗಳ ಬಳಿಕ, ಜುಲೈ 6ರಂದು, ಲಫಾರೊ ಮೋಟಾರು ಅಪಘಾತದಲ್ಲಿ ಮಡಿದನು. ಆಗ ಅವನಿಗೆ 25 ವರ್ಷ. ಎವನ್ಸ್ ಹಲವು ತಿಂಗಳು ಕಚೇರಿಯನ್ನೇ ಮಾಡಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಜಾನ್ ಕೋಲ್ಟ್ರೇನ್ ಅಲ್ಲಿ ನುಡಿಸಿದ ನಾಲ್ಕು ರಾತ್ರಿಗಳು ಮುದ್ರಿತವಾದುವು. ಆ ಕೃತಿಗಳಲ್ಲಿ ಒಂದರ ಹೆಸರೇ 'ಇಂಡಿಯಾ'. ಒಂದೇ ಆಧಾರ ಸ್ವರವನ್ನು ತಂಬೂರಿಯಂತೆ ಹಿಡಿದು ನಿಲ್ಲಿಸಲು ಎರಡು ಬಾಸ್‌ಗಳನ್ನು ಬಳಸಿದ್ದಾನೆ. ರವಿಶಂಕರರ ವಾದನವನ್ನು ಶ್ರದ್ಧೆಯಿಂದ ಕೇಳಿದವನಾತ. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟನು. ಆದರೂ 'ಇಂಡಿಯಾ'ವನ್ನು ಭಾರತೀಯ ಸಂಗೀತವೆನ್ನುವುದು ಅತಿಶಯೋಕ್ತಿ. ಅಲ್ಲಿ ರಾಗದ ಸಂಚಾರ ನಿಯಮವಿಲ್ಲ, ಗಮಕವಿಲ್ಲ. ಇರುವುದು ಶ್ರುತಿಯ ಮೇಲೆ ನಿಂತು ದೀರ್ಘಕಾಲ ಒಂದೇ ಭಾವವನ್ನು ಅರಸುವ ಹಂಬಲ. ಇದರ ಪ್ರತಿಯಾತ್ರೆ ನಮ್ಮ ನಾಡಿನಲ್ಲಿಯೇ ನಡೆದಿದೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಆ ಲೋಹವಾದ್ಯದಿಂದ ಗಮಕವನ್ನು ಹೊರಡಿಸಿದರು. ಹೋಲಿಸಿದರೆ ಕದ್ರಿಯವರ ಸಾಧನೆಯೇ ಹೆಚ್ಚು ಕಷ್ಟದ್ದೆಂದು ತೋರುತ್ತದೆ.

ಇನ್ನು, ಲೆಕ್ಕಪತ್ರಗಳ ನಡುವೆ ಬದುಕುವವನಿಗೆ ಸಹಜವಾದ ಪ್ರಶ್ನೆ: ಈ ಅಂಗಡಿ ದಿವಾಳಿಯಾಗದೆ ಉಳಿದುದು ಹೇಗೆ? 52ನೆಯ ಬೀದಿಯ ಸಾಲುಸಾಲು ಕ್ಲಬ್ಬುಗಳು ಅಳಿದು ಕಚೇರಿ ಕಟ್ಟಡಗಳೆದ್ದವು. 1949ರಲ್ಲಿ ತೆರೆದ ಭಾರಿ ಬರ್ಡ್‌ಲ್ಯಾಂಡ್ 1965ರಲ್ಲಿ ಮುಚ್ಚಿತು. ವ್ಯಾನ್‌ಗಾರ್ಡ್ ದೊಡ್ಡದಾಗಲು ಹೋಗಲಿಲ್ಲ. ಅಡಿಗೆಯನ್ನು ನಿಲ್ಲಿಸಿ ಅಡಿಗೆಮನೆಯನ್ನೇ ಕಛೇರಿಯಾಗಿಯೂ ವಾದಕರ ವಿಶ್ರಾಂತಿ ಕೋಣೆಯಾಗಿಯೂ ಮಾಡಿಕೊಂಡಿತು. ವ್ಯಾಪಾರ ಮಂದವಾದ ಸೋಮವಾರವನ್ನು 1966ರ ಫೆಬ್ರವರಿ 7ರಿಂದ ಥ್ಯಾಡ್ ಜೋನ್ಸ್ ಹಾಗೂ ಮೆಲ್ ಲ್ಯೂಯಿಸರ ದೊಡ್ಡ ವಾದ್ಯಮೇಳಕ್ಕೆ ಒಪ್ಪಿಸಿತು. ಹಗಲು ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸುತ್ತಿದ್ದವರಿಗೆ ತಮ್ಮ ಇಚ್ಛೆಯ ಸಂಗೀತಕ್ಕೆ ಅದೊಂದು ರಾತ್ರಿ ದೊರೆಯಿತು.

1989ರಲ್ಲಿ ಮ್ಯಾಕ್ಸ್ ಗಾರ್ಡನ್ ತೀರಿಕೊಂಡ ಮೇಲೆ ಲೊರೇನ್ 2018ರಲ್ಲಿ ತಾವು ನಿಧನರಾಗುವವರೆಗೆ ನಡೆಸಿದರು; ಬಳಿಕ ಮಗಳು ಡೆಬೊರಾ ಹೊಣೆ ಹೊತ್ತರು. ಮಹಾಮಾರಿಯ ನಿಮಿತ್ತ 2020ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿದಾಗ ಖಾಲಿ ಕುರ್ಚಿಗಳ ಮುಂದೆ ನುಡಿಸಿ ಅಂತರಜಾಲದ ಮೂಲಕ ಪ್ರಸಾರ ಮಾಡಿದರು. 2021ರ ಸೆಪ್ಟೆಂಬರಿನಲ್ಲಿ ಶ್ರೋತೃಗಳು ಮತ್ತೆ ಮೆಟ್ಟಿಲಿಳಿದರು. ಸೋಮವಾರದ ಮೇಳವೂ ಮರಳಿತು.