ಸಿಮರಾನ್ ಕೌಂಟಿಯೂ ಭೂಸಂರಕ್ಷಣೆಯ ಸಹಾಯಧನವೂ

ಅಮೆರಿಕದ ಒಕ್ಲಹೋಮ ರಾಜ್ಯದ ಪಶ್ಚಿಮದಂಚಿನಲ್ಲಿರುವ ಸಿಮರಾನ್ ಕೌಂಟಿಯು 1930ರ ದಶಕದ ಧೂಳಿನ ಬಿರುಗಾಳಿಗಳಿಂದ ಅತ್ಯಂತ ಹಾನಿಗೊಂಡ ಪ್ರದೇಶಗಳಲ್ಲೊಂದು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ನೆಲವು ಮಳೆ ತಪ್ಪಲು ಗಾಳಿಯ ಪಾಲಾಯಿತು.

1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 1933ರ ಕೃಷಿ ಶಾಸನದ ಸಹಾಯಧನ ವ್ಯವಸ್ಥೆಯನ್ನು ಅಸಿಂಧುವೆಂದು ತೀರ್ಮಾನಿಸಿತು. ಎರಡು ತಿಂಗಳೊಳಗಾಗಿ ಸರ್ಕಾರವು ಭೂಸಂರಕ್ಷಣೆಯ ಹೆಸರಿನಲ್ಲಿ ಹೊಸ ಶಾಸನವನ್ನು ತಂದಿತು. ನೆಲದ ಸಾರವನ್ನು ಹೀರುವ ಬೆಳೆಗೆ ಬದಲಾಗಿ ಮಣ್ಣನ್ನು ಕಾಯುವ ಬೆಳೆಯಿಟ್ಟ ರೈತನಿಗೆ ಹಣ ಸಂದಿತು. ಹೀಗೆ ಮಣ್ಣಿನ ರಕ್ಷಣೆಯೂ ರೈತನ ಆದಾಯದ ರಕ್ಷಣೆಯೂ ಒಂದೇ ಶಾಸನದಲ್ಲಿ ಬೆರೆತುವು.

1985ರ ಶಾಸನವು ಸವಕಳಿಗೀಡಾಗುವ ಹೊಲಗಳಲ್ಲಿ 10ರಿಂದ 15 ವರ್ಷ ಹುಲ್ಲು ಮೊದಲಾದ ಹೊದಿಕೆ ಬೆಳೆಸುವವರಿಗೆ ವಾರ್ಷಿಕ ಬಾಡಿಗೆಯನ್ನು ಗೊತ್ತುಮಾಡಿತು. ಕರಾರು ಮುಗಿದ ಮೇಲೆ ಉಳುವ ಹಕ್ಕು ಮತ್ತೆ ಒಡೆಯನದೇ. ಗೋಧಿಯ ಬೆಲೆಯೇರಿದಾಗ ಆ ಹುಲ್ಲು ಉಳಿದೀತೇ ಎಂಬುದೇ ಇಂತಹ ಯೋಜನೆಗಳ ನಿಜವಾದ ಪರೀಕ್ಷೆ.