ಗೋಲ್‌ಕೀಪರ್‌ನ ಯಾವಾಗ ಇಳಿಸಬೇಕು?

ಹಾಕಿಯಲ್ಲಿ ಫಾರ್ವರ್ಡ್ ಹುಡುಗನನ್ನ ಹತ್ತು ನಿಮಿಷ ಆಡಿಸಿ ನೋಡಬಹುದು. ತಪ್ಪು ಮಾಡಿದರೆ ಹಿಂದೆ ಇನ್ನೊಬ್ಬ ಇರ್ತಾನೆ. ಗೋಲ್‌ಕೀಪರ್ ಹಿಂದೆ ಇರೋದು ಬರೀ ಬಲೆ. ಅದಕ್ಕೇ ಹೊಸ ಕೀಪರ್‌ನ ಸೀನಿಯರ್ ತಂಡಕ್ಕೆ ತರೋಕೆ ಕೋಚ್‌ಗಳು ಹೆದರೋದು.

ನಮ್ಮ ರಾಜ್ಯದಿಂದಲೇ ಶುರು ಮಾಡೋಣ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ತಂಡದಲ್ಲಿ ಇದ್ದ ಇಬ್ಬರೂ ಕೀಪರ್‌ಗಳು ಕರ್ನಾಟಕದವರು: ಕೊಡಗಿನ ಎ.ಬಿ. ಸುಬ್ಬಯ್ಯ, ಬೆಂಗಳೂರಿನ ಆಶಿಶ್ ಬಲ್ಲಾಳ್. ಬಲ್ಲಾಳ್‌ಗೆ ಆಗಿನ್ನೂ 21. ಆದರೆ 1996ರ ಅಟ್ಲಾಂಟಾ ತಂಡದಲ್ಲಿ ಅವರು ಇರಲಿಲ್ಲ. ಜನ ಅವರನ್ನ ನೆನಪಿಟ್ಟುಕೊಂಡಿರೋದು 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ. ದಕ್ಷಿಣ ಕೊರಿಯಾ ವಿರುದ್ಧ ಫೈನಲ್, 1-1 ಸಮ. ಟೈಬ್ರೇಕರ್‌ನಲ್ಲಿ ಬಲ್ಲಾಳ್ ಎರಡು ಹೊಡೆತ ತಡೆದರು. 1966ರ ನಂತರ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ! ಆಮೇಲೆ? ಧನರಾಜ್ ಪಿಳ್ಳೆ ಜೊತೆ ಅವರನ್ನೂ ತಂಡದಿಂದ ಹೊರಗಿಟ್ಟರು. ಕೊಟ್ಟ ಕಾರಣ ‘ವಿಶ್ರಾಂತಿ’. ಪಕ್ವವಾದ ಕೀಪರ್‌ನ ಕೈಬಿಡೋದರಲ್ಲೂ ನಾವು ಅವಸರ ಮಾಡ್ತೀವಿ ಅನ್ನೋದು ನನ್ನ ತಕರಾರು.

ಈಗ ಶ್ರೀಜೇಶ್ ಕಥೆ. ಕೇರಳದ ಹುಡುಗ, ಹುಟ್ಟಿದ್ದು 1988ರಲ್ಲಿ. 2006ರಲ್ಲಿ ಕೊಲಂಬೊದ ಸೌತ್ ಏಷ್ಯನ್ ಗೇಮ್ಸ್‌ನಲ್ಲಿ ಸೀನಿಯರ್ ತಂಡಕ್ಕೆ ಬಂದರು. ಆದರೆ ಖಾಯಂ ಆಗೋಕೆ ಐದು ವರ್ಷ ಹಿಡೀತು. ಮುಂದೆ ಏಡ್ರಿಯನ್ ಡಿಸೋಜಾ, ಭರತ್ ಚೆಟ್ರಿ ಇದ್ದರು. ಬೆಂಗಳೂರಿನ ಸಾಯಿ ಕ್ಯಾಂಪ್‌ನಲ್ಲಿ ಅಭ್ಯಾಸ, ಪಂದ್ಯದ ದಿನ ಬೆಂಚು. ಆ ಐದು ವರ್ಷ ದಂಡ ಅಂತ ನನಗನಿಸಲ್ಲ. 2011ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನದ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. 2021ರಲ್ಲಿ ಟೋಕಿಯೊದ ಕಂಚಿನ ಪಂದ್ಯ ನೆನಪಿದೆಯಾ? ಜರ್ಮನಿ ವಿರುದ್ಧ 5-4, ಕೊನೇ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್. ತಡೆದವರು ಅವರೇ.

ನಾನು ಮಾಲೂರು ತಾಲ್ಲೂಕಿನ ಲಕ್ಕೂರಿನವನು. ನಮ್ಮ ಕಡೆ ಹುಡುಗರ ಕೈಯಲ್ಲಿ ಹಾಕಿ ಸ್ಟಿಕ್‌ಗಿಂತ ಬ್ಯಾಟೇ ಜಾಸ್ತಿ. ಆದರೂ ಸೆಲೆಕ್ಷನ್‌ನಲ್ಲಿ ‘ವಯಸ್ಸೆಷ್ಟು?’ ಅಂತಲೇ ಮೊದಲು ಕೇಳೋದು ಯಾವ ಆಟದಲ್ಲಾದರೂ ಇದ್ದದ್ದೇ. ಕೀಪರ್ ವಿಷಯದಲ್ಲಿ ನಾನು ಕೇಳೋದು ಬೇರೆ: ಪಕ್ಕದಲ್ಲಿ ಕಲಿಸೋ ಹಿರಿಯ ಇದ್ದಾನಾ? ಸೋತರೂ ತಡ್ಕೊಳ್ಳೋ ಅಂಥ ಟೂರ್ನಿ ಇದೆಯಾ? ಎರಡೂ ಇದ್ದರೆ 18 ಆದರೂ ಇಳಿಸಿ.

ಒಂದು ಕಷ್ಟ ಇದೆ. ಒಲಿಂಪಿಕ್ಸ್ ತಂಡಕ್ಕೆ 16 ಜನ ಅಷ್ಟೇ, ಟೋಕಿಯೊ, ಪ್ಯಾರಿಸ್ ಎರಡಕ್ಕೂ ಭಾರತ ಒಬ್ಬನೇ ಕೀಪರ್‌ನ ಆರಿಸಿತ್ತು. ಹಾಗಾಗಿ ಕೃಷ್ಣ ಬಹದ್ದೂರ್ ಪಾಠಕ್ ಶ್ರೀಜೇಶ್ ನೆರಳಲ್ಲೇ ವರ್ಷಗಟ್ಟಲೆ ಕಾದರು. 2023ರ ವಿಶ್ವಕಪ್‌ನಲ್ಲಿ, ಭುವನೇಶ್ವರದಲ್ಲಿ, ನ್ಯೂಜಿಲೆಂಡ್ ವಿರುದ್ಧ ಶೂಟೌಟ್ ಮಧ್ಯೆ ಶ್ರೀಜೇಶ್‌ಗೆ ಪೆಟ್ಟಾಯ್ತು. ಸಡನ್ ಡೆತ್‌ಗೆ ಪಾಠಕ್ ಇಳಿದರು. ಎದುರಾಳಿ ಓಡಿ ಬರ್ತಾನೆ, ಎಂಟೇ ಸೆಕೆಂಡು. ಭಾರತ ಸೋತು ಹೊರಬಿತ್ತು. ಅಂಥ ಹೊತ್ತಿಗೆ ಯಾರನ್ನಾದರೂ ಹೇಗಪ್ಪ ತಯಾರು ಮಾಡೋದು?

2024ರಲ್ಲಿ ಪ್ಯಾರಿಸ್ ಕಂಚಿನ ಜೊತೆ ಶ್ರೀಜೇಶ್ ನಿವೃತ್ತರಾದರು. ಸೀದಾ ಜೂನಿಯರ್ ತಂಡದ ಕೋಚ್ ಆದರು. ಅದೇ ವರ್ಷ ಮಸ್ಕತ್‌ನಲ್ಲಿ ಹುಡುಗರು ಜೂನಿಯರ್ ಏಷ್ಯಾ ಕಪ್ ಗೆದ್ದರು. ಹುಡುಗ ಕೀಪರ್‌ಗಳಲ್ಲಿ ಯಾರು ಆಡಬೇಕು, ಯಾರು ಕಾಯಬೇಕು ಅನ್ನೋ ಲೆಕ್ಕ ಐದು ವರ್ಷ ಬೆಂಚಲ್ಲಿ ಕೂತವರ ಕೈಗೇ ಬಂತು.